ಮಗುಚಬಾರದ ತೋಳು

ಟೇಲರ್ ಅಕ್ಕ ಕತ್ತರಿ ಹಿಡಿದರೆ ಬಟ್ಟೆ ಕೂಡ ತುಟಿಪಿಟಕ್ಕೆನ್ನುವುದಿಲ್ಲ ಎಂಬುದು ಬೀದಿಯವರ ಮಾತು. ಚಿಕ್ಕಂದಿನಿಂದ ಅವಳು ಮಾಡಿದ್ದು ಅದೊಂದೇ ಕೆಲಸ: ಇದ್ದಷ್ಟು ಬಟ್ಟೆಯಲ್ಲಿ ಬೇಕಾದಷ್ಟನ್ನು ಕೂರಿಸುವುದು. ಪಕ್ಕದ ಕೋಣೆಯಲ್ಲಿ ರೇಡಿಯೋ ರಿಪೇರಿ ಮಾಡುವ ಮೈದುನ ಟಿವಿಗೆ ಸಿಕ್ಕಿಸುವ ಕಂಪ್ಯೂಟರ್ ತಂದಾಗ, ಅದರ ಜೊತೆಗಿದ್ದ ಪುಸ್ತಕ ಓದಿ, ತಪ್ಪಿ, ತಿದ್ದಿ, ಆ ಕೆಲಸವನ್ನೇ ಒಂದು ಆಟವಾಗಿ ಬರೆದಳು. ಪರದೆಯ ಮೇಲೊಂದು ತುಂಡು ಬಟ್ಟೆ. ಬೆನ್ನು, ಎದೆ, ತೋಳು, ಕಾಲರು ಎಲ್ಲವನ್ನೂ ಅದರೊಳಗೆ ಹೊಂದಿಸಬೇಕು. ಚೂರುಗಳನ್ನು ತಿರುಗಿಸಬಹುದು, ಮಗುಚುವಂತಿಲ್ಲ. ಮಗುಚಿದರೆ ಬಟ್ಟೆಯ ಒಳಮೈ ಹೊರಗೆ ಬಂದುಬಿಡುತ್ತದಲ್ಲ!

ಆಗೆಲ್ಲ ಕಂಪ್ಯೂಟರ್ ಆಟಗಳು ಹಾಡಿನ ಕ್ಯಾಸೆಟ್ಟಿನಂಥದರಲ್ಲೇ ಬರುತ್ತಿದ್ದವು; ಮೈದುನ ಅದನ್ನು ಕ್ಯಾಸೆಟ್ಟುಗಳಿಗೆ ತುಂಬಿಸಿ ಪೇಟೆಯ ಅಂಗಡಿಗೆ ಕೊಟ್ಟ. ಮೊದಮೊದಲು ಜನ ಮುಗಿಬಿದ್ದರು. ಆಮೇಲೆ ಕಂಪ್ಯೂಟರ್ ಪತ್ರಿಕೆಯೊಂದು ಬರೆಯಿತು: 'ಕೊನೆಯ ಹಂತ ಯಾರಿಂದಲೂ ಆಗದು. ಮಗುಚುವ ಕೀ ಇಡಲು ಮರೆತಿದ್ದಾರೆ.' ಮರುದಿನವೇ ಅಂಗಡಿಯವನು ಬಾಗಿಲಲ್ಲಿ ನಿಂತಿದ್ದ.

"ಆ ಕೀ ಒಂದು ಹಾಕ್ಕೊಡಿ ಅಕ್ಕಾ. ಇಲ್ಲಾಂದ್ರೆ ಕ್ಯಾಸೆಟ್ ಎಲ್ಲಾ ವಾಪಸ್ ತಗೊಳ್ಳಿ."

"ಮರೆತಿಲ್ಲ ಕಣಪ್ಪಾ, ಬೇಕಂತಲೇ ಇಟ್ಟಿಲ್ಲ. ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ!"

ಅವನೆದುರೇ ತೋರಿಸಿಬಿಡಬೇಕೆಂದು, ಸೋಪಿನ ಡಬ್ಬಿಯ ರಟ್ಟಿನಲ್ಲಿ ಪರದೆಯಲ್ಲಿದ್ದಂತೆಯೇ ಕೊನೆಯ ಹಂತದ ಚೂರುಗಳನ್ನು ಕತ್ತರಿಸಿ, ಬಣ್ಣದ ಚಿತ್ರವಿದ್ದ ಮೈ ಕೆಳಗೆ ಮಾಡಿ ಮೇಜಿನ ಮೇಲೆ ಹರಡಿದಳು. ಕೈ ಸರಸರ ಓಡಿತು. ಎಲ್ಲವೂ ಕೂತವು, ನಡುವೆ ಕೂದಲೂ ತೂರದಂತೆ.

"ನೋಡಿದ್ಯಾ?"

ಮೈದುನ ಬಗ್ಗಿ ನೋಡಿದ. "ಅತ್ತಿಗೆ, ಈ ತೋಳಿನ ಮೇಲೆ ಸೋಪಿನ ಹೆಂಗಸು ನಗ್ತಿದ್ದಾಳಲ್ಲ?"

ಬೂದು ಚೂರುಗಳ ನಡುವೆ ಅದೊಂದೇ ಬಣ್ಣದ್ದು. ಕೈ ಅವಳಿಗೂ ಹೇಳದೆ ಅದನ್ನು ಮಗುಚಿತ್ತು. ಅವಳು ಪರದೆಯನ್ನು ದಿಟ್ಟಿಸಿದಳು. ಅಲ್ಲಿ ಬರೆದಿದ್ದು ಎರಡೂ ಎಡತೋಳು! ಒಂದನ್ನು ಮಗುಚಿದರಷ್ಟೇ ಅದು ಬಲತೋಳಾಗಿ ಕೂರುತ್ತಿತ್ತು. ಹೊಲಿಗೆ ಕಲಿಯಲು ಬಂದವರು ಮಾಡಿದರೆ ತಾನೇ ತಲೆಗೆ ಮೊಟಕುತ್ತಿದ್ದ ತಪ್ಪು. ಕಿವಿ ಬಿಸಿಯಾಯಿತು.

"ನೆಲಾನೇ ಡೊಂಕು," ಎಂದಳು ಮೆಲ್ಲಗೆ.

"ಹೋಗ್ಲಿ ಬಿಡಿ, ಮಗುಚೋ ಕೀ ಹಾಕಿದ್ರೆ ಆಯ್ತು. ತಪ್ಪು ಯಾರಿಗೂ ಕಾಣಲ್ಲ," ಎಂದ ಮೈದುನ.

"ನಿನ್ನ ಅಂಗೀಗೆ ಒಂದು ತೋಳು ಒಳಮೈ ಹೊರಗೆ ಮಾಡಿ ಹೊಲಿದುಕೊಡ್ಲಾ? ಹಾಕ್ಕೊಂಡು ಪೇಟೆಗೆ ಹೋಗ್ತೀಯಾ?"

ಅಂಗಡಿಯವನು ನಕ್ಕ. ಅವಳು ನಗಲಿಲ್ಲ. "ತಪ್ಪು ನಂದು, ತಿದ್ದಿಕೊಡ್ತೀನಿ. ಮಾರಿದ್ದನ್ನೂ ವಾಪಸ್ ತರಿಸು. ಆದ್ರೆ ಆ ಕೀ ಮಾತ್ರ ಜಪ್ಪಯ್ಯ ಅಂದ್ರೂ ಇಡಲ್ಲ. ಆಮೇಲೂ ಯಾರೂ ಕೊಳ್ಳದಿದ್ರೆ ಎಲ್ಲಾ ತಂದು ಇಲ್ಲೇ ಸುರಿ."

ತೋಳನ್ನು ಚುಕ್ಕಿ ಚುಕ್ಕಿಯಾಗಿ ಹೊಸದಾಗಿ ಬರೆದಳು. ಈ ಸಲ ರಟ್ಟು ಮುಟ್ಟಲಿಲ್ಲ; ಪರದೆಯ ಮೇಲೇ ಆಡಿ ಗೆದ್ದಳು. ಹಿಂದಿರುಗಿದ ಕ್ಯಾಸೆಟ್ಟುಗಳನ್ನು ಒಂದೊಂದಾಗಿ ಮತ್ತೆ ತುಂಬಿಸಿಕೊಟ್ಟಳು.

ಸುಮಾರು ದಿನಗಳ ಮೇಲೆ ಅಂಗಡಿಯವನು ಬರಿಗೈಯಲ್ಲಿ ಬಂದ. "ಇನ್ನಷ್ಟು ತುಂಬಿಸಿಕೊಡಿ ಅಕ್ಕಾ. ಪತ್ರಿಕೆಯೋರು ಕೊನೇ ಹಂತ ಬಿಡಿಸಿದ್ರಂತೆ, ಆ ಕೀ ಬೇಕಾಗ್ಲಿಲ್ಲವಂತೆ. ಸಿಕ್ಕಾಪಟ್ಟೆ ಕಷ್ಟ ಅಂತ ಬೈದೂ ಇದ್ದಾರೆ."

"ಬೈಕೊಳ್ಳಲಿ. ಈಗ ನೆಲ ಸರಿ ಇದೆ, ಕುಣಿಯೋದು ಅವರ ಪಾಡು."

ಮೇಜಿನ ಮೇಲೆ ಯಾರದೋ ಅಂಗಿಯ ಬಟ್ಟೆ ಕಾದಿತ್ತು. ಒಳಮೈ ಯಾವುದೆಂದು ಬೆರಳಾಡಿಸಿ ನೋಡಿ, ತೋಳಿಗೆ ಗುರುತು ಹಾಕತೊಡಗಿದಳು: ಒಂದು ಎಡ, ಒಂದು ಬಲ ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತಾ.