ತಂತಿ ಓದುವ ಪಾಠ

ಕಾರ್ಗಿಲ್ ಯುದ್ಧ ನಡೆದಾಗ ಕೊಟ್ಟೂರಿನಲ್ಲಿ ನನಗೊಬ್ಬಳು ಶಿಷ್ಯೆ ಇದ್ದಳು. ನಾನು ಹೈಸ್ಕೂಲಿನ ಇಂಗ್ಲಿಷ್ ಟೀಚರು. ಅವಳು ನಾನಿದ್ದ ಬಾಡಿಗೆ ಮನೆಯ ಮಾಲೀಕರ ಸೊಸೆ, ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಗಂಡ ಸೈನಿಕ, ಗಡಿಯಲ್ಲಿದ್ದ. ಒಂದು ಸಂಜೆ ಬಂದು ನನ್ನೆದುರು ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು.

"ಅಕ್ಕೋರ, ನನಗ ಇಂಗ್ಲಿಷ್ ಕಲಸ್ರಿ. ಅವರದು ತಂತಿ ಬಂದ್ರ ನಾನಾ ಓದಬೇಕು. ಬ್ಯಾರೇರು ಓದಿ ನನ್ನ ಮುಖ ನೋಡ್ಕೋತ ನಿಂದ್ರೋದು ಬ್ಯಾಡ."

ನಮ್ಮ ಓಣಿಯಲ್ಲಿ ತಂತಿ ಎಂದರೆ ಸಾವಿನ ಸುದ್ದಿ. ಮೊದಲು ಅಳುವುದು, ಆಮೇಲೆ ಓದಿಸುವುದು. ಹುಬ್ಬಳ್ಳಿಯಿಂದ ಗಂಡುಮಗು ಹುಟ್ಟಿದ ತಂತಿ ಬಂದಾಗಲೂ ಅರ್ಧ ತಾಸು ಅತ್ತು, ಓದಿಸಿ, ಮೂಗೊರೆಸಿಕೊಂಡು ಸಕ್ಕರೆ ಹಂಚಿದ ಜನ!

ಪಾಠಕ್ಕೆ ಪುಸ್ತಕ ಎಲ್ಲಿಂದ ತರಲಿ? ಇಂಗ್ಲಿಷಿನಲ್ಲಿ ನಾನೇ ಸುಳ್ಳು ತಂತಿಗಳನ್ನು ಬರೆದೆ. ಎಮ್ಮೆ ಕರು ಹಾಕಿದೆ, ಹಿಂಡಿ ಕಳಿಸಿ. ಮಿರ್ಚಿ ಬಜ್ಜಿ ಆರುತ್ತಿದೆ, ಬೇಗ ಬನ್ನಿ. ಮಂಡಕ್ಕಿ ಮುಕ್ಕುತ್ತಾ ಅವಳು ಅಕ್ಷರ ಕೂಡಿಸಿ ಓದುವಳು. ತಿಂಗಳೊಳಗೆ ತಾನೇ ಗಂಡನಿಗೊಂದು ಬರೆದಳು: 'ಮದರ್ ಇನ್ ಲಾ ವೆರಿ ಆಂಗ್ರಿ. ಸ್ಟಾರ್ಟ್ ಇಮಿಡಿಯೆಟ್ಲಿ.' ನಕ್ಕು ನಕ್ಕು ನನಗೆ ಮಂಡಕ್ಕಿ ನೆತ್ತಿಗೆ ಹತ್ತಿತು.

"ಏನ್ರವ್ವಾ, ಪಾಠ ನಡದೈತೋ ಆಟ ನಡದೈತೋ?" ಒಳಗಿನಿಂದ ಅತ್ತೆ ಕೂಗಿದರು.

"ನಿಮ್ಮ ಬಗ್ಗೇನಾ ಓದಾಕ್ಹತ್ತೀವಿ, ಅತ್ತಿ!" ಎಂದಳು ಈ ಕಿಲಾಡಿ. ರೇಡಿಯೋದಲ್ಲಿ ವಾರ್ತೆ ಶುರುವಾದಾಗ ಮಾತ್ರ ಇಬ್ಬರೂ ಬಾಯಿ ಮುಚ್ಚುತ್ತಿದ್ದೆವು.

ಒಂದು ಬೆಳಿಗ್ಗೆ ನಿಜವಾದ ತಂತಿಯೇ ಬಂತು. ಅಂಚೆಯವನ ಸೈಕಲ್ಲು ನಿಂತದ್ದೇ ತಡ, ಅತ್ತೆ ಹೊಸ್ತಿಲಲ್ಲಿ ಕುಸಿದು ಎದೆ ಬಡಿದುಕೊಂಡರು. ಓಣಿಯ ಹೆಂಗಸರು ಬಾಯಿಗೆ ಸೆರಗಿಟ್ಟು ಓಡಿಬಂದರು. ಗಡಿಬಿಡಿಯಲ್ಲಿ ಅಂಚೆಯವನು ಕಾಗದವನ್ನು ನನ್ನ ಕೈಗೆ ತುರುಕಿದ. ಬಿಡಿಸಿದೆ. ಬಿ.ಎಡ್. ಮಾಡಿದ ನನಗೆ ಒಂದಕ್ಷರವೂ ಕಾಣಲಿಲ್ಲ! ಕಣ್ಣ ತುಂಬ ನೀರು.

ಅವಳು ಕಿತ್ತುಕೊಂಡಳು. ಬೆರಳಿಟ್ಟು ಓದಿದಳು. ಮತ್ತೆ ಮೊದಲಿನಿಂದ ಓದಿದಳು. ನನಗೆ ತಡೆಯಲಾಗಲಿಲ್ಲ.

"ಏನೈತಲೇ ಅದ್ರಾಗ? ಹೇಳಲೇ!"

ಅವಳು ನನ್ನ ಕಿವಿಗೆ ಬಾಯಿಟ್ಟಳು. "ಸೇಫ್ ಅದಾರಂತ್ರಿ. ರಜಾ ಸಿಕ್ಕೈತಿ. ಸೋಮವಾರ ಹೊಂಡ್ತಾರ."

ಓಣಿಗೆ ಓಣಿಯೇ ಅಳುತ್ತಿತ್ತು. ನಗು ಉಕ್ಕಿ ಬಂದು ನಾವಿಬ್ಬರೂ ತುಟಿ ಕಚ್ಚಿಕೊಂಡು ನಿಂತೆವು. "ಹೋಗಲೇ, ಅತ್ತಿಗೆ ಹೇಳು," ಎಂದು ನಾನು ತಳ್ಳಿದೆ.

ಅವಳು ಕಾಗದವನ್ನು ಎದೆಗೊತ್ತಿಕೊಂಡಳು. "ಹೇಳ್ತೀನ್ರಿ ಅಕ್ಕೋರ, ಒಂದ್ ಗಳಿಗಿ ತಡೀರಿ. ಮದಿವ್ಯಾದಾಗಿಂದ ನನ್ನ ಗಂಡನ ಸುದ್ದಿ ಎಲ್ಲಾರ್ಕಿಂತ ಮೊದ್ಲು ನನಗ ಗೊತ್ತಾಗಿದ್ದು ಇವತ್ತಾ."