ಕೆಂಡ ತರಲು ಹೋದ ಹೊತ್ತು

ನಾನು ಓದು ನಿಲ್ಲಿಸಿದ್ದು ೧೯೯೧ರಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧಕ್ಕೆ. ಅಪ್ಪ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ವರ್ಷ ಅದು. ಸ್ಕೂಲು ಬಿಡು ಅಂತ ಯಾರೂ ಹೇಳಲಿಲ್ಲ. ನಾನೇ ಪುಸ್ತಕದ ಚೀಲವನ್ನು ಅಟ್ಟಕ್ಕೆ ಎಸೆದು, ನಮ್ಮೂರು ಬೆಳಗೊಳದಲ್ಲಿ ಬಸ್ಸು ಹತ್ತಿ, ಕೆ.ಆರ್. ಪೇಟೆಯ ಒಂದು ಬೇಕರಿಯಲ್ಲಿ ಕೆಲಸಕ್ಕೆ ಸೇರಿಕೊಂಡೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ನೋಡಿ ಅಯ್ಯೋ ಪಾಪ ಅನ್ನುವವರನ್ನು ಕಂಡರೆ ನನಗಾಗುವುದಿಲ್ಲ. ಹತ್ತು ವರ್ಷ ಅಲ್ಲಿ ಹಿಟ್ಟು ನಾದಿದೆ, ಸೌದೆ ಸೀಳಿದೆ, ಭಟ್ಟಿಯ ಬಾಯಿಗೆ ಬಗ್ಗಿ ಬಗ್ಗಿ ಚಿಗುರುಮೀಸೆ ಸುಟ್ಟುಕೊಂಡೆ. ಆಮೇಲೆ ಪಾಂಡವಪುರದ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೇ ಒಂದು ಬೇಕರಿ ಇಟ್ಟೆ. ಬನ್ನು, ಬ್ರೆಡ್ಡು, ಬೆಣ್ಣೆ ಬಿಸ್ಕತ್ತು ಎಲ್ಲರೂ ಮಾಡುತ್ತಾರೆ. ನನ್ನ ಅಂಗಡಿಯನ್ನು ಜನ ಹುಡುಕಿಕೊಂಡು ಬಂದದ್ದು ಒಂದೇ ತಿಂಡಿಗೆ. ಅದು ನಮ್ಮವ್ವನ ಕೆಂಡದ ಸಿಹಿ.

ಅಕ್ಕಿ ತರಿಯನ್ನು ತುಪ್ಪದಲ್ಲಿ ಹುರಿಯಬೇಕು. ಆಲೆಮನೆ ಬೆಲ್ಲ ಕರಗಿಸಿದ ನೀರು, ತೆಂಗಿನ ಹಾಲು, ಏಲಕ್ಕಿ ಹಾಕಿ ಕಲಸಬೇಕು. ಬಾಳೆಲೆ ಹಾಸಿದ ಹಿತ್ತಾಳೆ ತಪ್ಪಲೆಗೆ ಅದನ್ನು ಸುರಿದು ಸಣ್ಣ ಉರಿಯ ಮೇಲಿಡಬೇಕು. ಮುಚ್ಚಳದ ಮೇಲೆ ತೆಂಗಿನ ಕರಟದ ಕೆಂಡ ಹರಡಬೇಕು. ಕೆಳಗಿನ ಕಾವು, ಮೇಲಿನ ಕಾವು ಎರಡೂ ಸೇರಿ ಒಂದು ಗಂಟೆ ಬೆಂದರೆ ಮನೆಯೆಲ್ಲ ಸುಟ್ಟ ಬೆಲ್ಲದ ವಾಸನೆ. ಯುಗಾದಿಗೆ ಒಂದು ಸಲ, ಹಿರಿಯರಿಗೆ ಎಡೆ ಇಡುವ ಮಾರ್ಲಮಿಗೆ ಒಂದು ಸಲ ಅವ್ವ ಇದನ್ನು ಮಾಡುತ್ತಿದ್ದಳು. ಅವಳ ಅತ್ತೆಯೂ ಮಾಡುತ್ತಿದ್ದಳಂತೆ. ನಮ್ಮ ಮನೆ ಬಿಟ್ಟರೆ ಬೆಳಗೊಳದಲ್ಲಿ ಇನ್ಯಾರೂ ಮಾಡಿದ್ದನ್ನು ನಾನು ಕಂಡಿಲ್ಲ.

ಬೇಕರಿ ಇಟ್ಟ ವರ್ಷ ನಾನು ಅವ್ವನ ಮುಂದೆ ಕುಳಿತು ಕೇಳಿದೆ. ಈ ಸಿಹಿಯನ್ನು ಅಂಗಡಿಯಲ್ಲಿ ಮಾರಲಾ ಅಂತ. ಅವಳು ಎಲೆಗೆ ಸುಣ್ಣ ಸವರುತ್ತಿದ್ದಳು. ಎಲೆ ಮಡಿಸಿ ಬಾಯಿಗಿಟ್ಟುಕೊಂಡು, ಆಮೇಲೆ ಹೇಳಿದಳು.

"ಮಾರ್ಕೊ ಕಣಪ್ಪ. ಮನೆಗೋಸ್ಕರ ಸ್ಕೂಲು ಬುಟ್ಟೋನು ನೀನು. ಇದು ನಿಂಗೇ ಇರ್ಲಿ. ನಿಮ್ಮಕ್ಕಂಗೂ ಏಳ್ಕೊಟ್ಟಿಲ್ಲ ನಾನು."

ಆ ಮಾತು ನನಗೆ ಯಾವ ಸರ್ಟಿಫಿಕೇಟಿಗಿಂತಲೂ ದೊಡ್ಡದಾಗಿತ್ತು. ಮೂರು ಭಾನುವಾರ ಬೆಳಗೊಳಕ್ಕೆ ಹೋಗಿ ಅವಳ ಪಕ್ಕ ಕುಳಿತು ಕಲಿತೆ. ಅಳತೆಯನ್ನೆಲ್ಲ ಬಿಸ್ಕತ್ತಿನ ರಟ್ಟಿನ ಮೇಲೆ ಬರೆದುಕೊಂಡೆ. ಕಲಸಿ, ತಪ್ಪಲೆಗೆ ಸುರಿಯುವ ಮುಂಚೆ ಅವಳು ಹಿತ್ತಲ ಕಡೆ ಗಲ್ಲ ತಿರುಗಿಸಿ, ಹೋಗಪ್ಪ ಕೆಂಡ ತಕ್ಕೊಂಡು ಬಾ ಅನ್ನುತ್ತಿದ್ದಳು. ಸ್ನಾನದ ಹಂಡೆಯ ಒಲೆಯಲ್ಲಿ ಕರಟ ಉರಿಯುತ್ತಿರುತ್ತಿತ್ತು. ಬೂದಿ ಕೊಡವಿ, ಒಳ್ಳೆಯ ಕೆಂಡ ಆರಿಸಿ, ಹಳೇ ಬಾಣಲೆಗೆ ತುಂಬಿಕೊಂಡು ಬರುವಷ್ಟರಲ್ಲಿ ತಪ್ಪಲೆ ಒಲೆಯ ಮೇಲಿರುತ್ತಿತ್ತು. ಚಿಕ್ಕಂದಿನಿಂದ ಕೆಂಡ ತರುವುದು ನನ್ನ ಕೆಲಸವೇ. ಅದರಲ್ಲಿ ನನಗೆ ಒಂಥರಾ ಗತ್ತೂ ಇತ್ತು.

ಆದರೆ ಅಂಗಡಿಯಲ್ಲಿ ನಾನು ಮಾಡಿದ್ದು ಅವಳದರ ಹಾಗೆ ಬರಲಿಲ್ಲ. ತಿನ್ನುವವರಿಗೆ ಅದು ಗೊತ್ತಾಗುತ್ತಿರಲಿಲ್ಲ, ಅವರು ಅವಳದನ್ನು ತಿಂದವರಲ್ಲ. ನನಗೆ ಗೊತ್ತಾಗುತ್ತಿತ್ತು. ಅವಳದು ನೆನೆದ ಹುಣಸೆ ತೊಗಟೆಯ ಬಣ್ಣ, ಕುಯ್ದರೆ ಒಳಗೆಲ್ಲ ಸಣ್ಣ ಸಣ್ಣ ಕಣ್ಣು, ನಾಲಿಗೆಯ ಮೇಲಿಟ್ಟರೆ ತಾನಾಗಿ ಕರಗುವುದು. ನನ್ನದು ತೆಳು ಕಂದು, ಬಿಗಿ, ಅಗಿಯಬೇಕು. ಸೋಡ ಹಾಕಿ ನೋಡಿದೆ, ಸೋಡದ ವಾಸನೆ ಬಂತು. ಪಾಲಹಳ್ಳಿಯ ಕಡೆಯ ಆಲೆಮನೆಯಿಂದ ಬೆಲ್ಲ ತರಿಸಿದೆ, ಆಮೇಲೆ ಇನ್ನೊಂದು ಕಡೆಯಿಂದ. ಅಕ್ಕಿ ಬದಲಿಸಿದೆ. ಪ್ರತಿ ಸಲವೂ ಒಂದು ತುಂಡನ್ನು ಎಲೆಯಲ್ಲಿ ಸುತ್ತಿ ಅವ್ವನಿಗೆ ಒಯ್ದು ಕೊಡುತ್ತಿದ್ದೆ. ಅವಳು ತಿಂದು, ಕಣ್ಣು ಮುಚ್ಚಿ, ಯೋಚಿಸಿ ಹೇಳುತ್ತಿದ್ದಳು.

"ಎಲ್ಲಾ ಸರ್ಯಾಗದೆ ಕಣಪ್ಪ. ನಿನ್ ಭಟ್ಟಿ ಬಾಯಿ ದೊಡ್ಡದು. ಕಾವೆಲ್ಲ ಆಚಿಗ್ ಓಗ್ಬುಡ್ತದೆ."

ನಾನು ಭಟ್ಟಿ ಒಡೆಸಿದೆ. ಬಾಯಿ ಚಿಕ್ಕದು ಮಾಡಿ, ಕಮಾನು ತಗ್ಗಿಸಿ ಮತ್ತೆ ಕಟ್ಟಿಸಿದೆ. ಇಟ್ಟಿಗೆ ಇಡುತ್ತಿದ್ದ ಗಾರೆಯವನು ನಕ್ಕು, ಅಣ್ಣ ಇದರೊಳಕ್ಕೆ ಬನ್ನು ಹೋಗಬೇಕಾ ಇಲಿ ಹೋಗಬೇಕಾ ಅಂದ. ಬನ್ನಿನ ದೊಡ್ಡ ಟ್ರೇಗಳು ಹಿಡಿಸದೆ ಎಲ್ಲವನ್ನೂ ಕತ್ತರಿಸಿ ಚಿಕ್ಕದು ಮಾಡಿಸಬೇಕಾಯಿತು. ಸಿಹಿ ಹಾಗೇ ಬಂತು. ಆಗ ಅವ್ವ ಅಂದಳು, ನೆಲದ ಕಲ್ಲು ಜಾಸ್ತಿ ಕಾಯುತ್ತದೆ, ತಳ ಬೇಗ ಬೆಂದು ಮೇಲೆ ಹಸಿ ಉಳಿಯುತ್ತದೆ ಅಂತ. ನಾಲ್ಕು ವರ್ಷ ಬಿಟ್ಟು ಮತ್ತೆ ಒಡೆಸಿ, ನೆಲಕ್ಕೆ ಬೇರೆ ಇಟ್ಟಿಗೆ ಹಾಸಿ ಮೂರನೇ ಸಲ ಕಟ್ಟಿಸಿದೆ. ಹದಿನೈದು ದಿನ ಅಂಗಡಿ ಮುಚ್ಚಿತ್ತು. ಬೆಳಗೊಳದಿಂದ ಅವಳೇ ಬಸ್ಸಿನಲ್ಲಿ ಬಂದು, ಹೊಸ ಭಟ್ಟಿಗೆ ಅರಿಶಿನ ಕುಂಕುಮ ಇಟ್ಟು, ಮೊದಲ ಸೌದೆ ಹಾಕಿದಳು.

ಮೂರನೇ ಭಟ್ಟಿಯಲ್ಲೂ ಬರಲಿಲ್ಲ. ನಾನು ಒಪ್ಪಿಕೊಂಡೆ. ಅದು ಅವ್ವನ ಕೈಗುಣ, ನನ್ನ ಕೈಗೆ ಸಿಕ್ಕಿದ್ದು ಇಷ್ಟು ಅಂತ. ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿ "ಅವ್ವನ ಕೆಂಡದ ಸಿಹಿ" ಅಂತ ಬರೆಸಿದೆ. ಪೂರ್ತಿ ಬಾರದಿದ್ದರೂ ಹೆಸರಾದರೂ ಅವಳದಿರಲಿ ಅಂತ.

ಕೊನೆಯ ಐದಾರು ವರ್ಷ ಅವ್ವನಿಗೆ ಮಂಡಿ ಹಿಡಿದು ಒಲೆಯ ಮುಂದೆ ಕೂರಲಾಗುತ್ತಿರಲಿಲ್ಲ. ಹಬ್ಬಕ್ಕೆ ನಾಗಮಂಗಲದ ಕಡೆಗೆ ಕೊಟ್ಟಿರುವ ಅಕ್ಕ ಬಂದು ಕಲಸುವಳು, ಅವ್ವ ಗೋಡೆಗೊರಗಿ ಕುಳಿತು ಹೇಳುವಳು. ನಾನು ಮಾಡುತ್ತೇನೆ ಅಂದರೆ, ನೀನು ದಿನಾ ಅದೇ ಮಾಡ್ತೀಯ, ಹಬ್ಬದ ದಿನನಾದರೂ ಕೂತ್ಕೊ ಅನ್ನುತ್ತಿದ್ದಳು. ಪ್ರೀತಿ ಅಂದುಕೊಂಡೆ. ಆದರೆ ಕಲಸಿದ ಮೇಲೆ ಕೆಂಡಕ್ಕೆ ಮಾತ್ರ ನನ್ನನ್ನೇ ಕಳಿಸುತ್ತಿದ್ದರು. ನಲವತ್ತು ದಾಟಿದ ಗಂಡಸು, ಪಂಚೆ ಮೇಲೆತ್ತಿ ಕಟ್ಟಿ, ಬಾಣಲೆ ಹಿಡಿದು ಹಿತ್ತಲಿಗೆ ಹೋಗುತ್ತಿದ್ದೆ.

ಹೋದ ವರ್ಷ ಆಷಾಢದಲ್ಲಿ ಅವ್ವ ತೀರಿಕೊಂಡಳು. ವರ್ಷ ತುಂಬಿ, ಈ ಸಲದ ಮಾರ್ಲಮಿಗೆ ಅವಳಿಗೆ ಮೊದಲ ಎಡೆ.

ಮೂರು ದಿನದಿಂದ ನಾನು ಅದೇ ಧ್ಯಾನದಲ್ಲಿದ್ದೆ. ಅವಳ ಎಲೆಯ ಮೇಲೆ ನನ್ನ ಕೈಯ ಸಿಹಿ ಇರಬೇಕು. ಹಿಂದಿನ ದಿನ ಅಂಗಡಿಯ ಕೆಲಸ ಮುಗಿಸಿ, ಎಲ್ಲರನ್ನೂ ಕಳಿಸಿ, ಸ್ನಾನ ಮಾಡಿ ಬಂದು, ಭಟ್ಟಿಯ ಕೆಂಡ ಎಳೆದು, ಒದ್ದೆ ಗೋಣಿಯಲ್ಲಿ ನೆಲ ಒರೆಸಿ, ಹೊಸ ಟ್ರೇಗೆ ಬಾಳೆಲೆ ಹಾಸಿ ಬೇಯಿಸಿದೆ. ಅಷ್ಟು ಮಡಿಯಲ್ಲಿ ನಾನು ದೇವರಿಗೂ ಏನೂ ಮಾಡಿದವನಲ್ಲ. ಬೆಳಿಗ್ಗೆ ಟ್ರೇಯನ್ನು ಹೊಸ ಟವಲ್ಲಿನಲ್ಲಿ ಸುತ್ತಿ ಬೆಳಗೊಳಕ್ಕೆ ತಂದೆ. ಬರುವಾಗ ಅವ್ವನ ಎಡೆಗೆಂದು ಎಲೆ, ಅಡಿಕೆ, ಹೊಗೆಸೊಪ್ಪು ತಂದೆ. ಅವಳ ಹಳೇ ಹಿತ್ತಾಳೆ ಸುಣ್ಣದ ಡಬ್ಬಿಯನ್ನು ಉಜ್ಜಿ ತೊಳೆದು, ನನ್ನ ಕೈಯಾರೆ ಹೊಸ ಸುಣ್ಣ ತುಂಬಿದೆ.

ನನ್ನ ಹೆಂಡತಿ ಬೆಳಗ್ಗಿನಿಂದ ಬೇಯಿಸಿದ್ದಳು. ಬಾಳೆ ಎಲೆಯ ಮೇಲೆ ಮುದ್ದೆ, ಮಾಂಸದ ಸಾರು, ವಡೆ, ಅನ್ನ ಬಡಿಸಿದ್ದಾಗಿತ್ತು. ಮೊದಲೇ ತೀರಿಕೊಂಡಿದ್ದ ಅಪ್ಪನಿಗೆ ಬೀಡಿ ಕಟ್ಟು, ಅವ್ವನಿಗೆ ಹೊಸ ಸೀರೆ. ಅಷ್ಟರಲ್ಲಿ ಬಂದ ಅಕ್ಕ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ನೋಡಿದೆ. ನೆನೆದ ಹುಣಸೆ ತೊಗಟೆಯ ಬಣ್ಣ. ಕುಯ್ದ ಕಡೆ ಸಣ್ಣ ಸಣ್ಣ ಕಣ್ಣು.

ಅವ್ವ ಇಲ್ಲ, ಗೋಡೆಗೊರಗಿ ಹೇಳಿಕೊಡುವವರು ಯಾರೂ ಇಲ್ಲ, ಅಕ್ಕನ ಅಡುಗೆಮನೆಯಲ್ಲಿ ಭಟ್ಟಿಯೂ ಇಲ್ಲ. ಆದರೂ ಅದು ಅವ್ವನದೇ. ನಾನು ಟವಲು ಬಿಚ್ಚಲು ಹೋದೆ. ಅಕ್ಕ ನನ್ನ ಮುಂಗೈ ಹಿಡಿದಳು.

"ಅದ್ನ ಎಡೆಗ್ ಇಕ್‌ಬ್ಯಾಡ ಕಣ್ಲಾ."

"ಯಾಕಕ್ಕ? ನಾ ಮಾಡಿದ್ದು ಆಗಕಿಲ್ವಾ ಅವ್ವುಂಗೆ?"

"ನಾ ಏಳ್ತಿಲ್ಲ. ಅವ್ವನೇ ಏಳ್ಬುಟ್ಟು ಓಗವ್ಳೆ."

ನೆಂಟರು ಒಳಗಿದ್ದರು. ಅವ್ವನ ಮೊದಲ ಎಡೆಯ ಮುಂದೆ ಜಗಳ ಆಡುವ ಜಾತಿಯವನಲ್ಲ ನಾನು. ಟ್ರೇಯನ್ನು ಹಾಗೇ ಎತ್ತಿಕೊಂಡು ಹೋಗಿ ಜಗಲಿಯ ಮೇಲಿಟ್ಟು ಬಂದೆ. ಅಕ್ಕ ಎಲೆಯ ಮೇಲೆ ತನ್ನದನ್ನು ಇಟ್ಟಳು, ಸುಣ್ಣದ ಡಬ್ಬಿಯ ಪಕ್ಕಕ್ಕೆ. ಮಗ ನಾನು, ಧೂಪ ಹಾಕಿದೆ, ಕೈ ಮುಗಿದೆ. ಹಿರಿಯರು ಬಂದು ಉಣ್ಣಲಿ ಅಂತ ಎಲ್ಲರೂ ಆಚೆ ಬಂದ ಮೇಲೆ ನಾನೇ ಬಾಗಿಲು ಎಳೆದುಕೊಂಡೆ. ಎಡೆಯ ಬಾಗಿಲು ಮುಚ್ಚಿರುವಷ್ಟು ಹೊತ್ತು ನಮ್ಮಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ಉಳಿದವರು ಅಂಗಳದ ಕಡೆ ಹೋದರು. ಜಗಲಿಯ ಮೇಲೆ ನಾನು, ಅಕ್ಕ, ನಡುವೆ ನನ್ನ ಟ್ರೇ.

ಪಿಸುದನಿಯಲ್ಲೇ ಕೇಳಿದೆ, ಏನು ಹಾಕ್ತೀಯ ಅಂತ. ಅವಳು ನೆಲ ನೋಡಿಕೊಂಡು ಹೇಳಿದಳು. ಸುಣ್ಣದ ತಿಳಿ. ಹಿಂದಿನ ದಿನವೇ ಒಂದು ಬೆರಳು ಸುಣ್ಣವನ್ನು ಲೋಟದ ನೀರಿನಲ್ಲಿ ಕದಡಿಡಬೇಕು. ಮಾರನೆಯ ದಿನಕ್ಕೆ ಸುಣ್ಣ ತಳಕ್ಕೆ ಕೂತು ಮೇಲೆ ತಿಳಿನೀರು ನಿಲ್ಲುತ್ತದೆ. ಅದರಲ್ಲಿ ಎರಡು ಚಮಚ, ಕೊನೆಗೆ, ತಪ್ಪಲೆಗೆ ಸುರಿಯುವ ಮುಂಚೆ.

ಆ ಲೋಟ ನನಗೆ ಗೊತ್ತಿತ್ತು. ಅಡುಗೆಮನೆಯ ಗೂಡಿನಲ್ಲಿ, ದೀಪದ ಹಿಂದೆ ಇರುತ್ತಿತ್ತು. ಎಲೆ ಅಡಿಕೆ ಹಾಕುವವಳ ಮನೆಯಲ್ಲಿ ಸುಣ್ಣದ ನೀರಿನ ಲೋಟ ಇದ್ದರೆ ಯಾರು ಕೇಳುತ್ತಾರೆ?

"ನಾನು ಪಕ್ಕದಲ್ಲೇ ಕೂತಿರ್ತಿದ್ನಲ್ಲಕ್ಕ. ಯಾವಾಗ್ ಆಕ್ತಿದ್ಲು?"

"ನೀನು ಕೆಂಡಕ್ ಓದಾಗ."

ಮೂರು ಭಾನುವಾರ. ಆಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ, ವರ್ಷಕ್ಕೆ ಎರಡು ಹಬ್ಬ. ಆರಿಸಿ ಆರಿಸಿ ಕೆಂಡ ತುಂಬಿದ್ದೆ ನಾನು.

ಯಾಕೆ ಅಂತ ಕೇಳಿದೆ. ಅಕ್ಕನ ಉತ್ತರ ಉದ್ದಕ್ಕಿತ್ತು. ಅಂಗಡಿಯಲ್ಲಿ ದಿನಾ ತಕ್ಕಡಿಗೆ ಬೀಳುವುದನ್ನು ಹಿರಿಯರ ಎಲೆಗೆ ಇಡಬಾರದು ಅಂತ ಅವ್ವನ ನಂಬಿಕೆಯಂತೆ. ಮಾರುವ ಪದಾರ್ಥ ಎಡೆಗೆ ಎಂಜಲಿದ್ದ ಹಾಗೆ. ಆದರೆ ಸ್ಕೂಲು ಬಿಟ್ಟ ಮಗ ಬಂದು ಕೇಳಿದಾಗ ಇಲ್ಲ ಅನ್ನಲು ಅವಳಿಗೆ ಬಾಯಿ ಬರಲಿಲ್ಲವಂತೆ. ಅದಕ್ಕೇ ಒಂದನ್ನು ಒಳಗಿಟ್ಟುಕೊಂಡು ಉಳಿದದ್ದು ಕೊಟ್ಟಳು. ಮಾರುವುದು ಬೇರೆ, ಮನೆಯದು ಬೇರೆ ಆಯಿತು. ಅಕ್ಕನಿಗೆ ಅದಕ್ಕೂ ಎಷ್ಟೋ ಮುಂಚೆ, ಮದುವೆಯ ವರ್ಷವೇ, ಹೇಳಿಕೊಟ್ಟಿದ್ದಳಂತೆ.

"ಒಂದ್ ಮಾತು ಏಳಿದ್ರೆ ನಾನ್ ಮಾರ್ತಾನೇ ಇರ್ಲಿಲ್ಲ," ಅಂದೆ.

"ಏಳಿದ್ರೆ ಅದ್ನೂ ಮಾರ್ಬುಡ್ತಾನೆ ಅಂತಿದ್ಲು ಕಣ್ಲಾ."

ಅವಳ ನಂಬಿಕೆ ನನಗೆ ಅರ್ಥವಾಗುತ್ತದೆ. ಮುಚ್ಚಿಟ್ಟದ್ದನ್ನೂ ಒಂದು ದಿನ ನುಂಗಿಕೊಳ್ಳುತ್ತಿದ್ದೆನೋ ಏನೋ. ಈ ಒಂದು ಮಾತನ್ನು ಮಾತ್ರ ನುಂಗಲು ಆಗಿಲ್ಲ. ಹದಿನಾಲ್ಕು ವರ್ಷಕ್ಕೆ ಮನೆಗೆಂದು ಚೀಲ ಎಸೆದವನು, ಅವ್ವ ಬೇಡ ಅಂದರೂ ಮಾರುತ್ತಾನೆ ಅಂತ ಅವಳು ಲೆಕ್ಕ ಹಾಕಿದ್ದಳು. ಹಾಕಿಕೊಂಡು, ನಾನು ಕೊಟ್ಟ ತುಂಡನ್ನು ಕಣ್ಣು ಮುಚ್ಚಿ ತಿಂದು, ಭಟ್ಟಿಯ ಬಾಯಿ ದೊಡ್ಡದು ಅಂದಳು. ನನ್ನ ಭಟ್ಟಿಗೆ ಕುಂಕುಮ ಇಟ್ಟಳು.

ಹೊತ್ತಾಯಿತು ಅಂತ ಯಾರೋ ಅಂದರು. ನಾನೇ ಎದ್ದು, ಬಾಗಿಲು ಮೂರು ಸಲ ತಟ್ಟಿ, ತೆಗೆದೆ. ಎಲೆಯ ಮೇಲೆ ಎಲ್ಲ ಇಟ್ಟ ಹಾಗೇ ಇತ್ತು. ಎಡೆಯದನ್ನು ಮನೆಯವರಿಗೆ ಹಂಚುವುದೂ ಮಗನ ಕೆಲಸ. ಹಂಚಿದೆ. ನನ್ನ ಪಾಲನ್ನು ಬಾಯಿಗಿಟ್ಟೆ. ತಾನಾಗಿ ಕರಗಿತು.

ನನ್ನ ಟ್ರೇಯನ್ನು ಯಾರೂ ಮುಟ್ಟಲಿಲ್ಲ. ಮಾರನೆಯ ದಿನ ಅದನ್ನು ವಾಪಸು ಪಾಂಡವಪುರಕ್ಕೆ ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟೆ. ಮಧ್ಯಾಹ್ನಕ್ಕೆ ಖಾಲಿಯಾಯಿತು. ಒಬ್ಬರು, ಇವತ್ತು ಬಲು ಚೆನ್ನಾಗಿದೆ, ಏನು ಹಾಕಿದ್ದೀರಿ ಅಂತಲೂ ಕೇಳಿದರು.

ಮುಂದಿನ ವಾರ ಲೋಟದಲ್ಲಿ ಸುಣ್ಣ ಕದಡಿಟ್ಟು, ತಿಳಿ ತೆಗೆದು, ಎರಡು ಚಮಚ ಹಾಕಿ ನನ್ನ ಭಟ್ಟಿಯಲ್ಲೇ ಒಂದು ಸಣ್ಣ ಟ್ರೇ ಬೇಯಿಸಿದೆ. ಮೊದಲ ಸಲಕ್ಕೇ ಬಂತು. ಬಣ್ಣ, ಕಣ್ಣು, ಎಲ್ಲ. ಭಟ್ಟಿಯಲ್ಲಿ ಯಾವ ದೋಷವೂ ಇರಲಿಲ್ಲ, ಒಡೆಸಿದ ಮೊದಲನೆಯದರಲ್ಲೂ ಇದ್ದಿರಲಾರದು. ಮನೆಗೆ ಒಯ್ದೆ. ಹೆಂಡತಿ ತಿಂದು, ಇದನ್ನ ಅಂಗಡೀಲಿ ಇಟ್ಟರೆ ಜನ ಕ್ಯೂ ನಿಂತ್ಕತಾರೆ ಅಂದಳು. ಇಡೋದಿಲ್ಲ ಅಂದೆ. ಇನ್ಯಾವತ್ತೂ ಮಾಡೋದೂ ಇಲ್ಲ. ಅವ್ವ ನನ್ನನ್ನು ಏನಂದುಕೊಂಡಿದ್ದಳೋ ಅದು ನಾನಲ್ಲ ಅಂತ ತೋರಿಸಬೇಕಿತ್ತು, ತೋರಿಸಲು ಅವಳಿಲ್ಲ.

ಹಳೆಯದನ್ನು ಮಾರುತ್ತೇನೆ, ಅದು ನನ್ನದೇ. ಪೇಂಟರನ್ನು ಕರೆಸಿ ಬೋರ್ಡಿನ ಮೊದಲ ಪದ ಅಳಿಸಿದೆ. ಈಗ ಬರೀ ಕೆಂಡದ ಸಿಹಿ ಅಂತಿದೆ. ಅಕ್ಕ ಎರಡು ಸಲ ಫೋನು ಮಾಡಿದಳು, ಎತ್ತಲಿಲ್ಲ.

ಈಗ ನನ್ನ ಹತ್ತಿರ ಇರುವುದು: ಮೂರು ಸಲ ಕಟ್ಟಿಸಿದ ಭಟ್ಟಿ ಒಂದು. ಕತ್ತರಿಸಿ ಚಿಕ್ಕದು ಮಾಡಿದ ಟ್ರೇ ನಲವತ್ತೆರಡು. ಹಿಟ್ಟು ಕಲಸುವ ಮಿಷನ್ನು ಒಂದು. ಕೆಲಸಕ್ಕೆ ಮೂರು ಜನ. ಅವ್ವನ ಹಿತ್ತಾಳೆ ತಪ್ಪಲೆ ಒಂದು, ಮುಚ್ಚಳ ಒಂದು. ಕೆಂಡ ತರುವ ಬಾಣಲೆ ಒಂದು. ಸುಣ್ಣದ ಡಬ್ಬಿ ಒಂದು, ನಾನು ತುಂಬಿದ್ದು ಹಾಗೇ ಇದೆ.