ದೊಡ್ಡಮ್ಮ ಒಬ್ಬಳೇ ಹಡಗು ಹತ್ತಿದ್ದು

ನಮ್ಮ ದೊಡ್ಡಮ್ಮ ಹೊಸ ಬಟ್ಟೆ ಹೊಲಿದವಳಲ್ಲ. ಬೇರೆ ದರ್ಜಿ ಹೊಲಿದು ಕೆಡಿಸಿದ್ದು, ಅಂಗಡಿಯಿಂದ ತಂದ ಮೇಲೆ ಹಿಡಿಸದೆ ಹೋದದ್ದು, ಮದುವೆಯಾದ ಮರುವರ್ಷ ಸೊಂಟಕ್ಕೆ ಏರದೆ ನಿಂತದ್ದು, ಇಂಥವನ್ನೆಲ್ಲ ಬಿಚ್ಚಿ ಸರಿಮಾಡಿ ಕೊಡುವುದು ಅವಳ ಕಸುಬು. ದೊಡ್ಡ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅವಳ ಅಂಗಡಿ. ಒಳಗೆ ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಗಿರಾಕಿ ಕೂರಲು ಒಂದೇ ಸ್ಟೂಲು. ಇನ್ನೊಬ್ಬ ಗಿರಾಕಿ ಬಂದರೆ ಮೊದಲನೆಯವರು ಎದ್ದು ಹೊರಗೆ ನಿಲ್ಲಬೇಕು. ತಲೆಯ ಮೇಲೆ ಧಡಧಡ ಸದ್ದಾದರೆ ಸಾಕು, ಮೂರನೇ ಮಹಡಿಯವರಿಗೆ ಇವತ್ತೂ ಕೆಲಸಕ್ಕೆ ತಡವಾಯಿತೆಂದು ದೊಡ್ಡಮ್ಮ ನಗುತ್ತಿದ್ದಳು.

ದೊಡ್ಡಪ್ಪ ಬಸ್ ಡ್ರೈವರ್ ಆಗಿದ್ದರು, ಟಿಕೆಟ್ಟು ಪಾಸು ನೋಡುವುದೂ ಅವರೇ. ಬಹುಕಾಲ ಬಂದರಿಗೆ ಹೋಗುವ ಬಸ್ಸನ್ನೇ ಓಡಿಸಿದರು. ಊಟಕ್ಕೆ ಕೂತಾಗ ಅಂದು ಕಂಡ ಹಡಗಿನ ವರ್ಣನೆ ತಪ್ಪದೆ ಬರುತ್ತಿತ್ತು. "ಅದರ ಪಕ್ಕ ನನ್ನ ಬಸ್ಸು ಬೆಂಕಿಪೊಟ್ಟಣದ ಹಾಗೆ ಕಾಣ್ತಿತ್ತು" ಎನ್ನುತ್ತಿದ್ದರು. ಕೇಳಿ ಕೇಳಿ ಒಂದು ದಿನ ದೊಡ್ಡಮ್ಮ ಹೇಳಿದಳು, "ನೀವು ಹೊರಗಿಂದ ನೋಡಿದ್ದು ಸಾಕು ಕಣ್ರೀ. ನಂಗೆ ಒಂದ್ಸಲ ಒಳಗಿಂದ ನೋಡ್ಬೇಕು."

"ರಿಟೈರ್ ಆಗ್ಲಿ, ಕರ್ಕೊಂಡು ಹೋಗ್ತೀನಿ" ಎಂದರು ದೊಡ್ಡಪ್ಪ. ರಿಟೈರ್ ಆದರು, ಮಾತಿಗೂ ತಪ್ಪಲಿಲ್ಲ. ಒಂದು ವಾರದ ಪ್ರಯಾಣ, ನಡುವೆ ಪರದೇಶದ ಎರಡು ಬಂದರು, ಆಮೇಲೆ ವಾಪಸ್ಸು. ದೊಡ್ಡಮ್ಮನಿಗೆ ಇದಕ್ಕೆಂದೇ ಹೊಸ ಪಾಸ್‌ಪೋರ್ಟ್ ಆಯಿತು. ದೊಡ್ಡಪ್ಪನದು ಎಂದೋ ಮಾಡಿಸಿ ಕಪಾಟಿನಲ್ಲಿಟ್ಟದ್ದು. ತೆಗೆದು ನೋಡಿದರು. ಅವಧಿ ಮುಗಿಯುವುದಕ್ಕೆ ಇನ್ನೂ ಐದು ತಿಂಗಳ ಹತ್ತಿರ ಇತ್ತು. "ಹೋಗೋದು ಒಂದು ವಾರಕ್ಕೆ. ಇದು ಧಾರಾಳ ಆಯ್ತು" ಎಂದು ಜೇಬಿಗೆ ಹಾಕಿಕೊಂಡರು.

ಬಂದರಿನ ಕಟ್ಟಡದಲ್ಲಿ ಮೊದಲು ಪೆಟ್ಟಿಗೆ ಕೊಡಬೇಕು, ಆಮೇಲೆ ಕಾಗದ ತೋರಿಸಬೇಕು. ಇಬ್ಬರ ಬಟ್ಟೆಯೂ ಒಂದೇ ಪೆಟ್ಟಿಗೆಯಲ್ಲಿತ್ತು. ಅದು ರಬ್ಬರ್ ಪಟ್ಟಿಯ ಮೇಲೆ ಸಾಗಿ ಪರದೆಯ ಹಿಂದೆ ಮರೆಯಾಯಿತು. ಕೌಂಟರಿನ ಹುಡುಗಿ ದೊಡ್ಡಮ್ಮನ ಪಾಸ್‌ಪೋರ್ಟಿಗೆ ತಲೆಯಾಡಿಸಿದಳು. ದೊಡ್ಡಪ್ಪನದನ್ನು ತಿರುವಿ ನೋಡಿ, ಪಕ್ಕದವಳಿಗೆ ತೋರಿಸಿ, ಮೆಲ್ಲಗೆ ಹೇಳಿದಳು.

"ಸರ್, ನಿಮ್ಮದು ಆಗಲ್ಲ. ವಾಪಸ್ ಬಂದ ದಿನದಿಂದ ಮುಂದಕ್ಕೆ ಆರು ತಿಂಗಳು ಇದು ನಡೀಬೇಕು. ಹಡಗು ಹೋಗೋ ದೇಶದವರ ನಿಯಮ."

"ನಾನು ಆ ದೇಶದಲ್ಲಿ ಇಳಿಯೋದೇ ಇಲ್ಲಮ್ಮ. ಹಡಗಲ್ಲೇ ಕೂತಿರ್ತೀನಿ."

"ಇಳಿಯದಿದ್ರೂ ಇದೇ ನಿಯಮ ಸರ್. ಇದು ಟಿಕೆಟ್ ಜೊತೆ ಕಳಿಸಿದ ಕಾಗದದಲ್ಲೂ ಇತ್ತು."

ಇತ್ತು ನಿಜ. ಊಟದ ಹೊತ್ತು, ಈಜುಕೊಳದ ಹೊತ್ತು ಎಲ್ಲ ಓದಿದ್ದ ದೊಡ್ಡಪ್ಪ ಆ ಪುಟವನ್ನು ಮಾತ್ರ ದಾಟಿಸಿಬಿಟ್ಟಿದ್ದರು. ಅವರು ಇನ್ನು ವಾದ ಮಾಡಲಿಲ್ಲ. ಪಾಸಿನ ಅವಧಿ ಮುಗಿದವರನ್ನು ಎಷ್ಟು ಸಲ ಬಸ್ಸಿನಿಂದ ಇಳಿಸಿದ್ದರೋ, ಆ ಹುಡುಗಿಯ ಮುಖದ ಕಷ್ಟ ಅವರಿಗೆ ಚೆನ್ನಾಗಿ ಗೊತ್ತಿತ್ತು.

"ನಡೀರಿ, ಮನೆಗೆ ಹೋಗೋಣ" ಎಂದಳು ದೊಡ್ಡಮ್ಮ.

"ನೀನ್ಯಾಕೆ ಬರ್ತೀಯ? ನಿಂದು ಸರಿ ಇದೆಯಲ್ಲ, ನೀನು ಹೋಗು. ಇಬ್ಬರೂ ವಾಪಸ್ ಹೋದ್ರೆ ಆಡ್ಕೊಳ್ಳೋರ ಬಾಯಿಗೆ ಸಕ್ಕರೆ ಹಾಕಿದ ಹಾಗಾಗುತ್ತೆ."

"ಒಬ್ಬಳೇ ಏನ್ರೀ ಮಾಡ್ಲಿ ಅಲ್ಲಿ?"

"ನೋಡ್ಕೊಂಡು ಬಾ. ಇಷ್ಟು ವರ್ಷ ನಾನು ಹೇಳಿದ್ದೀನಿ, ಇನ್ನು ನೀನು ಹೇಳು, ನಾನು ಕೇಳ್ತೀನಿ." ಅವಳ ಮುಂದೆ ಕೈ ಚಾಚಿ ಕೇಳಿದರು, "ಅಂಗಡಿ ಬೀಗದ ಕೈ ನಂಗೆ ಕೊಡು. ನಾನು ಬಾಗಿಲು ತೆಗೆದಿರ್ತೀನಿ."

ದೊಡ್ಡಮ್ಮ ಕಣ್ಣೊರೆಸಿಕೊಂಡು ಬೀಗದ ಕೈ ಕೊಟ್ಟಳು, ಹಡಗು ಹತ್ತಿದಳು.

ಹಡಗಿನ ಕೋಣೆ ಅವಳ ಅಂಗಡಿಗಿಂತ ಸ್ವಲ್ಪ ದೊಡ್ಡದು. ಪೆಟ್ಟಿಗೆ ಬಂದು ಕೂತಿತ್ತು. ತೆರೆದರೆ ಮೇಲೇ ದೊಡ್ಡಪ್ಪನ ಪೈಜಾಮ, ಕ್ಷೌರದ ಸಾಮಾನು. ಅವನ್ನೆಲ್ಲ ಅವರ ಪಾಲಿನ ಕಪಾಟಿನಲ್ಲಿ ಜೋಡಿಸಿಟ್ಟಳು. ರಾತ್ರಿಯ ಊಟಕ್ಕೆ ಯಾರ ಜಾಗ ಎಲ್ಲಿ ಎಂದು ಮೊದಲೇ ಗೊತ್ತುಮಾಡಿದ್ದರು. ಅವಳ ಮೇಜಿನಲ್ಲಿ ನಿವೃತ್ತಿಯಾದ ಒಬ್ಬ ನರ್ಸು, ಬೇಕರಿ ನಡೆಸುವ ಗಂಡ ಹೆಂಡತಿ, ಮತ್ತು ಒಂದು ಖಾಲಿ ಕುರ್ಚಿ.

"ಯಜಮಾನ್ರು ಬರ್ಲಿಲ್ವಾ?" ಎಂದು ನರ್ಸಮ್ಮ ಕೇಳಿದರು.

ಗಂಡನನ್ನು ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದರೆಂದು ಗುರುತಿಲ್ಲದವರ ಮುಂದೆ ಹೇಗೆ ಹೇಳುವುದು? ದೊಡ್ಡಮ್ಮನ ನಾಲಿಗೆ ತಾನಾಗಿಯೇ ಹೊರಳಿತು. "ರೂಮಲ್ಲಿದ್ದಾರೆ. ಸ್ವಲ್ಪ ತಲೆಸುತ್ತು."

ಅಲ್ಲಿಗೆ ಶುರುವಾಯಿತು. ಊಟ ಮುಗಿಯುವಷ್ಟರಲ್ಲಿ ಬಡಿಸುವವನು ಮುಚ್ಚಿದ ಬಟ್ಟಲಲ್ಲಿ ಬಿಸಿ ಸೂಪು ತಂದು ಕೈಗಿಟ್ಟ. ಬೆಳಿಗ್ಗೆ ಬೇಕರಿಯಾಕೆ ಉಪ್ಪು ಬಿಸ್ಕತ್ತು ಕಟ್ಟಿಕೊಟ್ಟರು. ನರ್ಸಮ್ಮ ಎರಡು ಮಾತ್ರೆ ಕೊಟ್ಟು, "ಊಟಕ್ಕೆ ಮುಂಚೆ ಒಂದು" ಎಂದರು. ಚೆಲ್ಲುವುದು ದೊಡ್ಡಮ್ಮನ ಜಾತಕದಲ್ಲೇ ಇಲ್ಲ. ಮಾತ್ರೆ ಬಿಟ್ಟು ಉಳಿದದ್ದನ್ನೆಲ್ಲ ಕೋಣೆಯಲ್ಲಿ ಒಬ್ಬಳೇ ಕೂತು ತಿಂದಳು. ತನ್ನ ಊಟದ ಮೇಲೆ ಗಂಡನ ಪಥ್ಯವೂ ಸೇರಿ ಅವಳ ರವಿಕೆಯೇ ಬಿಗಿಯಾಗತೊಡಗಿತು. "ಈಗ ಹೇಗಿದ್ದಾರೆ?" ಎಂದರೆ "ಪರವಾಗಿಲ್ಲ" ಎನ್ನುವಳು. "ಹಾಗಾದ್ರೆ ಕರ್ಕೊಂಡು ಬನ್ನಿ" ಎಂದರೆ "ಮತ್ತೆ ಸುತ್ತು ಬಂತು" ಎನ್ನುವಳು.

ಮೊದಲ ಬಂದರು ಬಂದಾಗ ಗಂಡನನ್ನು ಬಿಟ್ಟು ಇಳಿದರೆ ಜನ ಏನೆಂದಾರು ಎಂದು ಅವಳು ಇಳಿಯಲೇ ಇಲ್ಲ. ಹಡಗಿನ ಮೇಲಿನ ಡೆಕ್ಕಿನಲ್ಲಿ ನಿಂತು, ಕೆಂಪು ಹೆಂಚಿನ ಮನೆಗಳನ್ನೂ ದಂಡೆಯಲ್ಲಿ ಬಲೆ ಕೊಡವುವವರನ್ನೂ ನೋಡಿದಳು. ಆ ಸಂಜೆ ಯಾರೋ ಬಾಗಿಲು ಬಡಿದರು. ನರ್ಸಮ್ಮ ಕೈಚೀಲ ಹಿಡಿದು ನಿಂತಿದ್ದರು.

"ಮೂರು ದಿನ ಆಯ್ತು. ಇವತ್ತು ನಾನು ನೋಡ್ಲೇಬೇಕು. ಒಳಗೆ ಬಿಡಿ."

ಒಳಗೆ ಬಂದು ನೋಡಿದರು. ಒಂದೇ ದಿಂಬಿನಲ್ಲಿ ತಲೆಯ ಗುರುತು. ಕಪಾಟಿನಲ್ಲಿ ಮಡಿಕೆ ಮುರಿಯದ ಪೈಜಾಮ. ದೊಡ್ಡಮ್ಮ ಹಾಸಿಗೆಯ ಅಂಚಿಗೆ ಕೂತು ಆರು ತಿಂಗಳ ನಿಯಮದಿಂದ ಹಿಡಿದು ಬಿಸ್ಕತ್ತಿನವರೆಗೆ ಎಲ್ಲ ಹೇಳಿಬಿಟ್ಟಳು. ನರ್ಸಮ್ಮ ಗಲ್ಲಕ್ಕೆ ಕೈಕೊಟ್ಟು ಕೇಳಿದರು. ಆಮೇಲೆ ನಗಲು ತೊಡಗಿದವರಿಗೆ ನಿಲ್ಲಿಸಲಾಗಲಿಲ್ಲ.

"ನಾನು ನಿಮ್ಮ ಮನೆಯವರು ಕುಡಿದು ಬಿದ್ದಿರ್ತಾರೆ ಅಂದ್ಕೊಂಡಿದ್ದೆ. ಬೇಕರಿಯಮ್ಮ ನೋಡಿದ್ರೆ, ಇಬ್ಬರಿಗೂ ಜಗಳ ಆಗಿದೆ, ಅವರು ಮುನಿಸ್ಕೊಂಡು ಮಲಗಿದ್ದಾರೆ ಅಂತಾರೆ. ಪಾಪ, ಮನುಷ್ಯ ಹಡಗಲ್ಲೇ ಇಲ್ವಲ್ಲ."

ದೊಡ್ಡಮ್ಮನಿಗೂ ನಗು ಬಂತು. ಉಳಿದ ಬಿಸ್ಕತ್ತನ್ನು ಇಬ್ಬರೂ ಸೇರಿ ಮುಗಿಸಿದರು. ಊಟದ ಮೇಜಿನಲ್ಲಿ ಅವಳೇ ವಿಷಯ ತೆಗೆದಳು. ಬೇಕರಿಯವರು ತಮ್ಮ ಪಾಸ್‌ಪೋರ್ಟ್ ತೆಗೆದು ತಾರೀಖು ನೋಡಿಕೊಂಡು, "ಸದ್ಯ, ನಮ್ಮದು ಕೂದಲೆಳೆಯಲ್ಲಿ ಪಾರು" ಎಂದರು. ಖಾಲಿ ಕುರ್ಚಿಯ ಮೇಲೆ ಎಲ್ಲರೂ ಕೈಚೀಲ ಇಟ್ಟರು. ಅಂದು ಅವಳಿಗೆ ಊಟ ರುಚಿಸಿತು.

ಎರಡನೆಯ ಬಂದರಿನಲ್ಲಿ ನರ್ಸಮ್ಮನ ಜೊತೆ ಇಳಿದಳು. ಇಳಿಜಾರಿನ ಬೀದಿಗಳಲ್ಲಿ ಕಾಲು ನೋಯುವವರೆಗೆ ತಿರುಗಿದರು. ಒಂದು ಬಟ್ಟೆ ಅಂಗಡಿಯಲ್ಲಿ ದೊಡ್ಡಮ್ಮ ಕೋಟೊಂದರ ಒಳಮಗ್ಗುಲನ್ನು ಹೊರಳಿಸಿ ಹೊಲಿಗೆ ನೋಡುತ್ತ ಎಷ್ಟು ಹೊತ್ತು ನಿಂತಳೆಂದರೆ, ಕೊಳ್ಳುವ ಗಿರಾಕಿಯೆಂದು ಅಂಗಡಿಯವನು ಕುರ್ಚಿ ತಂದು ಹಾಕಿದ. ಅಲ್ಲಿಂದಲೇ ಮನೆಗೆ ಫೋನು ಮಾಡಿದಳು.

"ಅಂಗಡಿ ಹೇಗಿದೆ?"

"ಚೆನ್ನಾಗಿದೆ. ಒಂದೇ ಒಂದು ತಪ್ಪಾಯ್ತು. ಆ ಉದ್ದದ ಮೇಷ್ಟ್ರ ಪ್ಯಾಂಟು ಔಷಧಿ ಅಂಗಡಿಯ ಗಿಡ್ಡಪ್ಪನಿಗೆ ಹೋಯ್ತು. ಅವನು ಹಾಕ್ಕೊಂಡು ನೆಲ ಗುಡಿಸ್ಕೊಂಡು ಬಂದ. ಕೂರಿಸಿ ಚಹಾ ಕೊಟ್ಟೆ. ಒಂದು ಗಂಟೆ ಮಾತಾಡಿ ಹೋದ, ಒಳ್ಳೇ ಮನುಷ್ಯ. ಅಲ್ಲೇನು ಕಂಡೆ, ಅದನ್ನ ಹೇಳು."

ಅವಳು ಹೇಳಿದಳು. ಎಂಜಿನ್ನಿನ ಸದ್ದು ಹಾಸಿಗೆಯವರೆಗೆ ಬರುವುದು, ಬೆಳಗಿನ ನೀರು ಇಸ್ತ್ರಿ ಮಾಡಿದ ಬಟ್ಟೆಯಂತೆ ಮಲಗಿರುವುದು, ಎಲ್ಲ. ದೊಡ್ಡಪ್ಪ ಹೂಂಗುಟ್ಟುತ್ತ ಕೇಳಿದರು.

ವಾಪಸ್ ಬಂದ ದಿನ ಅವರು ಬಂದರಿನ ಬಾಗಿಲಲ್ಲೇ ಕಾದಿದ್ದರು. ಪಾಸ್‌ಪೋರ್ಟಿಗೆ ಹೊಸ ಅರ್ಜಿ ಅಷ್ಟರಲ್ಲೇ ಹೋಗಿತ್ತು. ಅದು ಬಂದ ಮೇಲೆ ಇಬ್ಬರೂ ಜೊತೆಯಾಗಿ ಒಮ್ಮೆ ಹೋಗಿ ಬಂದರು. ದೊಡ್ಡಪ್ಪ ಹಡಗನ್ನು ಮೇಲಿಂದ ಕೆಳಗೆ ನೋಡಿದರು, ಮೆಚ್ಚಿದರು. ಆದರೆ ನಾಲ್ಕನೆಯ ದಿನಕ್ಕೆ "ಅಂಗಡಿಗೆ ಯಾರಾದ್ರೂ ಬಂದು ಮುಚ್ಚಿದ ಬಾಗಿಲು ನೋಡ್ಕೊಂಡು ಹೋಗ್ತಾರೋ ಏನೋ" ಎಂದು ಚಡಪಡಿಸಿದರು. ಆ ಸ್ಟೂಲಿನ ಮೇಲೆ ಕೂರುವವರ ಮಾತಿನ ರುಚಿ ಅವರಿಗೆ ಹತ್ತಿಬಿಟ್ಟಿತ್ತು. ಅಲ್ಲಿಂದೀಚೆಗೆ ಹಡಗು ದೊಡ್ಡಮ್ಮನದು ಮತ್ತು ನರ್ಸಮ್ಮನದು. ಅವಳು ಹೋದಾಗಲೆಲ್ಲ ಅಂಗಡಿ ದೊಡ್ಡಪ್ಪನದು. ಇದರಲ್ಲಿ ಇಬ್ಬರಿಗೂ ದೂರಿಲ್ಲ.

ಮೊನ್ನೆ ನಾನು ಒಂದು ಅಂಗಿ ಹಿಡಿದು ಹೋಗಿದ್ದೆ. ದೊಡ್ಡಪ್ಪ ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಕನ್ನಡಕದ ಮೇಲಿಂದ ನೋಡಿದರು.

"ನಿಮ್ಮ ದೊಡ್ಡಮ್ಮ ನೀರ ಮೇಲಿದ್ದಾಳೆ. ಜಿಪ್ಪಾದ್ರೆ ಅವಳು ಬರೋವರೆಗೂ ಕಾಯ್ಬೇಕು. ಗುಂಡಿಯಾದ್ರೆ ಈಗಲೇ ಹಾಕ್ಕೊಡ್ತೀನಿ."

"ಗುಂಡಿನೇ ದೊಡ್ಡಪ್ಪ."

"ಹಾಗಾದ್ರೆ ಕೂತ್ಕೋ, ಚಹಾ ತರಿಸ್ತೀನಿ" ಎಂದು ಸ್ಟೂಲನ್ನು ನನ್ನ ಕಡೆಗೆ ಸರಿಸಿದರು.